ರಾತ್ರಿ ಏನೂ ತಿನ್ನದಿದ್ದರೂ ಬೆಳಗ್ಗೆ ಶುಗರ್ ಏರುವುದೇಕೆ?

ರಾತ್ರಿ ಮಲಗುವಾಗ ನನ್ನ ರಕ್ತದ ಶುಗರ್ 128 (mg/dL ಲೆಕ್ಕದಲ್ಲಿ). ಬೆಳಗ್ಗೆ ಕಾಫಿಗೂ ಮುಂಚೆ ನೋಡಿದರೆ 151. ನಡುವೆ ನೀರು ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ. ನಮ್ಮ ಶ್ರೀನಿವಾಸಪುರದ ಕಡೆ ಹೀಗಾದಾಗ ರಾತ್ರಿ ಊಟವನ್ನೇ ಬಿಟ್ಟುಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ. ಇನ್ಸುಲಿನ್ ಹಾಕಿಕೊಳ್ಳುವವರು, ಕೆಲವು ಬಗೆಯ ಮಾತ್ರೆ ನುಂಗುವವರು ಹಸಿದು ಮಲಗಿದರೆ ನಡುರಾತ್ರಿ ಶುಗರ್ 70ಕ್ಕಿಂತ ಕೆಳಗಿಳಿದು ಜೀವಕ್ಕೇ ಕುತ್ತು ಬರಬಹುದು.

ಆ ಸಕ್ಕರೆ ಬರುವುದು ಲಿವರ್‌ನಿಂದ. ಉಂಡದ್ದರಲ್ಲಿ ಮಿಕ್ಕ ಗ್ಲೂಕೋಸನ್ನು ಲಿವರ್ ಗ್ಲೈಕೋಜನ್ ರೂಪದಲ್ಲಿ, ಹಿಂದಿನವರು ಹಗೇವಿನಲ್ಲಿ ರಾಗಿ ತುಂಬಿಟ್ಟ ಹಾಗೆ, ಕೂಡಿಡುತ್ತದೆ. ನಿದ್ದೆಯಲ್ಲೂ ಮಿದುಳಿಗೆ ಗ್ಲೂಕೋಸ್ ಬೇಕಲ್ಲ, ಅದಕ್ಕೆ ರಾತ್ರಿಯಿಡೀ ಅಷ್ಟಷ್ಟೇ ಬಿಡುತ್ತಿರುತ್ತದೆ. ಕೋಳಿ ಕೂಗುವ ಹೊತ್ತಿಗೆ ಕಾರ್ಟಿಸಾಲ್, ಬೆಳವಣಿಗೆ ಹಾರ್ಮೋನು ಏರುವುದರಿಂದ ಇನ್ನೂ ಹೆಚ್ಚು ಹೊರಬರುತ್ತದೆ. ಕಾಯಿಲೆ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ತಕ್ಕಷ್ಟು ಇನ್ಸುಲಿನ್ ಬಿಟ್ಟು ಅದನ್ನು ಹದ್ದಿನಲ್ಲಿಡುತ್ತವೆ. ನನ್ನಂಥ ಟೈಪ್ 2 ಸಕ್ಕರೆ ಕಾಯಿಲೆಯವರ ಲಿವರ್ ಇನ್ಸುಲಿನ್‌ಗೆ ಸರಿಯಾಗಿ ಬಗ್ಗುವುದಿಲ್ಲ. ನಾನು ರಾತ್ರಿ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ತಡೆಯುವುದು ಲಿವರ್ ಬಿಡುವ ಈ ಸಕ್ಕರೆಯನ್ನೇ. ಇದು ತಿಳಿದ ಮೇಲೆ ರಾತ್ರಿ ಮಾತ್ರೆಯ ಬೆಲೆ ಗೊತ್ತಾಯಿತು.

ನಾನು ಮಾಡಿದ್ದಿಷ್ಟು. ರಾತ್ರಿ ಊಟಕ್ಕೆ ಮುಂಚೆ, ಊಟಕ್ಕೆ ಕೂತ ಎರಡು ಗಂಟೆಗೆ, ಮತ್ತೆ ಬೆಳಗ್ಗೆ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಟ್ಟೆ. ಪಕ್ಕದಲ್ಲೇ ಏನು ಉಂಡೆ ಅನ್ನುವುದನ್ನೂ ಬರೆದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಇಳಿಯಿತೆಂದು ತಿಳಿಯುವುದಿಲ್ಲ. ಮೊದಲು ಮುದ್ದೆ ಆದ ಮೇಲಿನ ಅನ್ನ ಬಿಟ್ಟೆ. ಆಮೇಲೆ ಮುದ್ದೆಯ ಗಾತ್ರ ಇಳಿಸಿ, ಬಸ್ಸಾರಿನ ಸೊಪ್ಪು, ಹುರುಳಿಕಾಳು ಹೆಚ್ಚಿಸಿದೆ. ಶುಗರ್ ಇದ್ದವರು ಮುದ್ದೆ ಎಷ್ಟಾದರೂ ಉಣ್ಣಬಹುದು ಅನ್ನುವ ಮಾತು ನಿಜವಲ್ಲ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ, ಹಿಟ್ಟು ನುಣ್ಣಗಾದಷ್ಟೂ ಬೇಗ ಸಕ್ಕರೆಯಾಗುತ್ತದೆ.

ಎಲ್ಲಕ್ಕಿಂತ ಕೈಹಿಡಿದದ್ದು ಉಂಡ ಮೇಲಿನ ನಡಿಗೆ. ಕಾಲಿನ ಸ್ನಾಯುಗಳು ದುಡಿಯುವಾಗ ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಊಟ ಬೇಗ ಮುಗಿಸಿ ತೋಟದ ದಾರಿಯಲ್ಲಿ ಕಾಲು ಗಂಟೆ ಅಡ್ಡಾಡಿದ ದಿನ ಎರಡು ಗಂಟೆಯ ಅಂಕಿ 180ರ ಒಳಗೇ ಇರುತ್ತಿತ್ತು. ಬೆಳಗಿನದು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಆ ಪುಸ್ತಕ ನೋಡಿಯೇ ಡಾಕ್ಟರು ರಾತ್ರಿ ಮಾತ್ರೆಯ ಪ್ರಮಾಣ ಬದಲಿಸಿದರು. ನಿಧಾನವಾಗಿ 130ರ ಒಳಗೆ ಬಂತು.

ಮಾವಿನ ಕಾಲದಲ್ಲಿ ಇನ್ನೊಂದು ಎಚ್ಚರ. ಹಣ್ಣು ಮುಟ್ಟಿದ ಕೈಯಲ್ಲಿ ಬೆರಳು ಚುಚ್ಚಿದರೆ ಚರ್ಮಕ್ಕಂಟಿದ ರಸವೇ ಮೀಟರ್‌ನಲ್ಲಿ ಅಂಕಿ ಏರಿಸುತ್ತದೆ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಬೇಕು. ತುದಿಗಿಂತ ಅಲ್ಲಿ ನೋವೂ ಕಡಿಮೆ.