ಅಕ್ಕ-ತಮ್ಮ ಇಟಲಿಗೆ ಹೊರಟರೆ: ಮೊದಲು ವಾರ ನೋಡಿ, ಆಮೇಲೆ ಊರು

ಮೊದಲ ಸಲ ಇಟಲಿಗೆ ಹೋಗುವ ಇಬ್ಬರಿಗೆ ಎಂಟು ರಾತ್ರಿಯಲ್ಲಿ ಮೂರು ಊರು ಸಾಕು: ರೋಮ್, ಫ್ಲಾರೆನ್ಸ್, ವೆನಿಸ್. ನಡುವೆ ಪೀಸಾ, ಮಿಲಾನ್, ನೇಪಲ್ಸ್ ಎಲ್ಲವನ್ನೂ ತುರುಕಿದರೆ ಚೆನ್ನಾಗಿ ನೋಡಿದ ಜಾಗ ಅಂತ ಉಳಿಯುವುದು ರೈಲ್ವೆ ಸ್ಟೇಷನ್ನುಗಳೇ. ಬೆಂಗಳೂರಿನಿಂದ ಇಟಲಿಗೆ ನೇರ ವಿಮಾನವಿಲ್ಲ, ಹೆಚ್ಚಿನವರು ದುಬೈ ಅಥವಾ ದೋಹಾದಲ್ಲಿ ಬದಲಾಯಿಸುತ್ತಾರೆ. ರೋಮ್‌ನಲ್ಲಿ ಇಳಿದು ವೆನಿಸ್‌ನಿಂದ ಹತ್ತುವಂತೆ ಟಿಕೆಟ್ ತೆಗೆಯಿರಿ. ಅಲ್ಲಿಂದಲೂ ಕೊಲ್ಲಿ ದೇಶಗಳಿಗೆ ವಿಮಾನವಿದೆ. ಬಂದ ದಾರಿಯಲ್ಲೇ ರೋಮ್‌ಗೆ ಮರಳಿದರೆ ಅರ್ಧ ದಿನವೂ ಇಬ್ಬರ ರೈಲು ಖರ್ಚೂ ದಂಡ.

ಕ್ಯಾಲೆಂಡರ್ ಮೇಲೆ ಗುರುತು

ಈ ಪ್ರವಾಸದಲ್ಲಿ ಕೈಕೊಡುವುದು ದುಡ್ಡಿಗಿಂತ ಹೆಚ್ಚಾಗಿ ವಾರ. ನಮ್ಮಲ್ಲಿ ಮಂಗಳವಾರ ಕಟಿಂಗ್ ಶಾಪ್ ಬಾಗಿಲು ಹಾಕಿದ ಹಾಗೆ ಫ್ಲಾರೆನ್ಸಿನಲ್ಲಿ ಸೋಮವಾರ ಉಫೀಜಿ, ಅಕಾಡೆಮಿಯಾ ಎಂಬ ಎರಡು ದೊಡ್ಡ ಮ್ಯೂಸಿಯಂಗಳೂ ಬಂದ್. ರೋಮ್‌ನಲ್ಲಿ ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆದಿರುತ್ತದೆ, ಆದರೆ ಆ ಜನಜಂಗುಳಿಯಲ್ಲಿ ಹೋಗದಿರುವುದೇ ಲೇಸು. ಬುಧವಾರ ಬೆಳಿಗ್ಗೆ ಪೋಪ್ ದರ್ಶನದ ಕಾರಣ ಅಲ್ಲಿನ ದೊಡ್ಡ ಚರ್ಚು ಸೇಂಟ್ ಪೀಟರ್ಸ್ ಬೆಸಿಲಿಕಾ ಒಳಗೆ ಪ್ರವಾಸಿಗರಿಗೆ ಪ್ರವೇಶ ಸಿಗುವುದಿಲ್ಲ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಉಚಿತ. ಅಂದರೆ ಸರದಿ ದುಪ್ಪಟ್ಟು.

ಇವನ್ನೆಲ್ಲ ತಪ್ಪಿಸಿಕೊಂಡು ಹೋಗುವ ಒಂದು ಜೋಡಣೆ ಹೀಗಿದೆ. ಮಂಗಳವಾರ ರೋಮ್‌ನಲ್ಲಿ ಇಳಿಯಿರಿ. ಬುಧವಾರ ಪುರಾತನ ಕ್ರೀಡಾಂಗಣ ಕೊಲೋಸಿಯಂ, ಗುರುವಾರ ವ್ಯಾಟಿಕನ್, ಶುಕ್ರವಾರ ಹಳೆಯ ರೋಮನ್ ದೇಗುಲ ಪ್ಯಾಂಥಿಯನ್ ಮತ್ತು ಹಳೆ ಪೇಟೆ. ಶನಿವಾರ ಬೆಳಿಗ್ಗೆ ಫ್ಲಾರೆನ್ಸ್ ರೈಲು. ಸೋಮವಾರ ಅಲ್ಲಿ ಬಾಗಿಲು ಹಾಕುವ ಹೊತ್ತಿಗೆ ನೀವು ವೆನಿಸ್ ದಾರಿಯಲ್ಲಿರುತ್ತೀರಿ. ಬುಧವಾರ ವಾಪಸ್. ನೀವು ಹೋಗುವ ಭಾನುವಾರ ತಿಂಗಳ ಮೊದಲನೆಯದಾಗಿದ್ದರೆ ಇಡೀ ಪ್ರವಾಸವನ್ನು ಒಂದು ವಾರ ಹಿಂದೆ ಮುಂದೆ ಮಾಡಿ.

ವೀಸಾ: ಒಂದೇ ಮನೆ, ಎರಡು ಅರ್ಜಿ

ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಅದಕ್ಕೆ ಪ್ರಯಾಣದ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ. ಆದರೆ ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಮೂರ್ನಾಲ್ಕು ತಿಂಗಳ ಮೊದಲೇ ಕೂರಿ. ಶುಲ್ಕ ತಲೆಗೆ 90 ಯೂರೊ, ಅದರ ಮೇಲೆ ಸೇವಾ ಶುಲ್ಕ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಇಬ್ಬರಿಗೂ ಬೇಕು. ಪಾಸ್‌ಪೋರ್ಟ್ ವಾಪಸಾದ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಖರ್ಚನ್ನು ಒಬ್ಬರೇ ಹೊತ್ತುಕೊಳ್ಳುತ್ತಿದ್ದರೆ, ಅಂದರೆ ಕೆಲಸದಲ್ಲಿರುವ ಅಕ್ಕ ಓದುತ್ತಿರುವ ತಮ್ಮನನ್ನು ಕರೆದೊಯ್ಯುತ್ತಿದ್ದರೆ, ಸಂಬಂಧ ತೋರಿಸುವ ಕಾಗದ ಬೇಕಾಗುತ್ತದೆ. ತೊಡಕು ಇಲ್ಲೇ. ಅಕ್ಕನ ಹೆಸರಿನ ಜೊತೆ ಗಂಡನ ಹೆಸರು, ತಮ್ಮನ ಜೊತೆ ಅಪ್ಪನ ಹೆಸರು ಅಥವಾ ಊರಿನ ಹೆಸರು. ಹೊರಗಿನವರ ಕಣ್ಣಿಗೆ ಇಬ್ಬರೂ ಸಂಬಂಧವೇ ಇಲ್ಲದವರು. ಇಬ್ಬರ ಪಾಸ್‌ಪೋರ್ಟಿನ ಕೊನೆಯ ಪುಟ ತೆರೆದು ಅಪ್ಪ-ಅಮ್ಮನ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಜನನ ಪ್ರಮಾಣಪತ್ರವನ್ನೂ ಲಗತ್ತಿಸಿ. ಜೊತೆಗೆ ಖರ್ಚು ಹೊರುವವರು ಸಹಿ ಮಾಡಿದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್.

ಕೋಣೆ ಹಿಡಿಯುವಾಗ ಒಂದು ಪದ

ಇಟಲಿಯ ಹೋಟೆಲುಗಳಲ್ಲಿ 'ಮಾತ್ರಿಮೋನಿಯಾಲೆ' ಎಂದರೆ ಗಂಡ-ಹೆಂಡತಿಗೆಂದು ಒಂದೇ ದೊಡ್ಡ ಮಂಚ. ಇಬ್ಬರು ಅಂತ ಹಾಕಿ ಬುಕ್ ಮಾಡಿದರೆ ಬಹಳ ಸಲ ಸಿಗುವುದು ಇದೇ. ನಿಮಗೆ ಬೇಕಾದದ್ದು 'ಲೆತ್ತಿ ಸೆಪರಾತಿ', ಬೇರೆ ಬೇರೆ ಮಂಚ. ಬುಕಿಂಗ್ ಮಾಡುವಾಗ ಬರೆದು, ಹೋಗುವ ಎರಡು ದಿನ ಮೊದಲು ಇನ್ನೊಮ್ಮೆ ಸಂದೇಶ ಕಳಿಸಿ. ರಾತ್ರಿ ಹತ್ತಕ್ಕೆ ಚೆಕ್-ಇನ್ ಮಾಡುವಾಗ ಹೇಳಿದರೆ ಕೋಣೆ ಬದಲಾಯಿಸಲು ಅವರ ಬಳಿಯೂ ಏನೂ ಉಳಿದಿರುವುದಿಲ್ಲ. ಬಾಡಿಗೆಯ ಮೇಲೆ ತಲೆಗೆ, ರಾತ್ರಿಗೆ ಇಷ್ಟು ಅಂತ ನಗರ ತೆರಿಗೆ ಬೇರೆ ಇರುತ್ತದೆ. ಕೆಲವೆಡೆ ನಗದೇ ಕೇಳುತ್ತಾರೆ.

ಪ್ಲಗ್: ನಮ್ಮ ದಪ್ಪ ಮೂರು ಪಿನ್ ಅಲ್ಲಿ ಹೋಗದು, ಫೋನ್ ಚಾರ್ಜರಿನ ಸಣ್ಣ ಎರಡು ಪಿನ್ ಹೋಗುತ್ತದೆ.

ಟಿಕೆಟ್ ತೆರೆಯುವ ದಿನ

ವ್ಯಾಟಿಕನ್ ಮ್ಯೂಸಿಯಂ ಟಿಕೆಟ್ ಸುಮಾರು 60 ದಿನ ಮೊದಲು ಬಿಡುಗಡೆಯಾಗುತ್ತದೆ, ಕೊಲೋಸಿಯಂನದು 30 ದಿನ ಮೊದಲು. ಫ್ಲಾರೆನ್ಸ್ ಕೆಥೆಡ್ರಲ್ಲಿನ ಗುಮ್ಮಟ ಹತ್ತಲು ಹೊತ್ತು ಗೊತ್ತುಮಾಡಿದ ಟಿಕೆಟ್ಟೇ ಬೇಕು. ಇವೆಲ್ಲ ಸಿಕ್ಕ ಮೇಲೆಯೇ ಉಳಿದದ್ದನ್ನು ಹೊಂದಿಸಿ. ಟಿಕೆಟ್‌ಗೆ ಕಾಯುವಾಗ ಗಡಿಯಾರದ ವ್ಯತ್ಯಾಸ ನೆನಪಿರಲಿ: ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿಯ ಬೆಳಿಗ್ಗೆ 9 ಎಂದರೆ ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ 12.30.

ಹುಡುಕಿದಾಗ ಮೊದಲು ಬರುವ ತಾಣಗಳಲ್ಲಿ ಹಲವು ಮರುಮಾರಾಟದವು. ಕೊಲೋಸಿಯಂನ ಸಾಮಾನ್ಯ ಟಿಕೆಟ್ 18 ಯೂರೊ, ವ್ಯಾಟಿಕನ್ 20 ಮತ್ತು ಕಾಯ್ದಿರಿಸಲು 5. ಇದಕ್ಕಿಂತ ತೀರಾ ಹೆಚ್ಚು ಕಂಡರೆ ನೀವು ಬೇರೆ ಅಂಗಡಿಗೆ ಬಂದಿದ್ದೀರಿ. (ದರಗಳು ಆಗಾಗ ಏರುತ್ತವೆ. ಕೊಳ್ಳುವ ದಿನ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ.) ಕೊಲೋಸಿಯಂ ಟಿಕೆಟಿನಲ್ಲಿ ಹೆಸರು ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ಹೋಲಿಸುತ್ತಾರೆ. ಮನೆಯಲ್ಲಿ ಕರೆಯುವ ಹೆಸರು, ಮುಂದೆ ಬಂದ ಇನಿಷಿಯಲ್ ಹಿಂದೆ ಹೋದದ್ದು, ಇವೆಲ್ಲ ಅಲ್ಲಿ ನಡೆಯುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿ.

ರೋಮ್

ಫ್ಯೂಮಿಚಿನೊ ವಿಮಾನ ನಿಲ್ದಾಣದಿಂದ ತೆರ್ಮಿನಿ ಸ್ಟೇಷನ್ನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು: 32 ನಿಮಿಷ, 14 ಯೂರೊ. ಊರೊಳಗೆ ಮೆಟ್ರೊ-ಬಸ್ಸಿನ ಟಿಕೆಟ್ 1.50 ಯೂರೊ, 100 ನಿಮಿಷ ನಡೆಯುತ್ತದೆ. ಬಸ್ಸು ಎಷ್ಟಾದರೂ ಬದಲಾಯಿಸಬಹುದು, ಮೆಟ್ರೊ ಒಂದೇ ಸಲ. ಕಾರ್ಡ್ ತಾಗಿಸಿಯೂ ಹೋಗಬಹುದು. ಆದರೆ ಒಂದು ಕಾರ್ಡಿಗೆ ಒಬ್ಬರೇ ಪ್ರಯಾಣಿಕರು. ಅಕ್ಕನ ಕಾರ್ಡನ್ನೇ ತಮ್ಮನಿಗೂ ತಾಗಿಸಿದರೆ ತಪಾಸಣೆ ವೇಳೆ ತಮ್ಮ ಟಿಕೆಟ್ ಇಲ್ಲದವನೇ. ಇಬ್ಬರೂ ಬೇರೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ಒಂದು ಕಳೆದರೆ ಇನ್ನೊಂದು ಉಳಿಯುತ್ತದೆ ಎಂಬ ಲಾಭವೂ ಇದೆ. ಎಟಿಎಂನಲ್ಲಿ ಯಂತ್ರ 'ರೂಪಾಯಿಯಲ್ಲಿ ಕಡಿತ ಮಾಡಲೇ' ಎಂದು ಕೇಳಿದರೆ ಬೇಡ ಎನ್ನಿ. ಯೂರೊದಲ್ಲೇ ಹೋಗಲಿ.

ಕೊಲೋಸಿಯಂ ಟಿಕೆಟಿನಲ್ಲೇ ರೋಮನ್ ಫೋರಂ (ಪುರಾತನ ರೋಮಿನ ಪೇಟೆ-ಚೌಕದ ಅವಶೇಷ) ಮತ್ತು ಪ್ಯಾಲಟೈನ್ ಗುಡ್ಡ ಸೇರಿವೆ. ಈ ಎರಡಕ್ಕೂ ಸೇರಿ ಒಂದೇ ಪ್ರವೇಶ, ಹೊರಬಂದರೆ ಮುಗಿಯಿತು. ಬಿಸಿಲುಗಾಲದಲ್ಲಿ ಗುಡ್ಡ ಮತ್ತು ಫೋರಂ ಬೆಳಿಗ್ಗೆ ಮುಗಿಸಿ, ಕೊಲೋಸಿಯಂ ಆಮೇಲೆ ಇಟ್ಟುಕೊಳ್ಳಿ. ಫೋರಂನಲ್ಲಿ ನೆರಳು ಕಡಿಮೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ.

ನೀರು ಕೊಳ್ಳಬೇಡಿ. ರೋಮ್ ಬೀದಿಗಳಲ್ಲಿ 'ನಸೋನಿ' ಎಂಬ ಎರಕದ ಕಬ್ಬಿಣದ ನಲ್ಲಿಕಂಬಗಳು ಎರಡು ಸಾವಿರಕ್ಕೂ ಹೆಚ್ಚಿವೆ. ಹಗಲು ರಾತ್ರಿ ಕುಡಿಯುವ ನೀರು ಹರಿಯುತ್ತಲೇ ಇರುತ್ತದೆ. ಮೂಗಿನ ಹಾಗೆ ಬಾಗಿದ ಕೊಳವೆಯ ಬಾಯಿಯನ್ನು ಬೆರಳಿಂದ ಒತ್ತಿ ಮುಚ್ಚಿದರೆ, ಅದರ ಬೆನ್ನ ಮೇಲಿನ ಸಣ್ಣ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಬಗ್ಗದೆ ಕುಡಿಯಬಹುದು. ಜೋರಾಗಿ ಒತ್ತಿದರೆ ಎದುರಿಗೆ ನಿಂತ ತಮ್ಮನ ಅಂಗಿ ಒದ್ದೆ.

ವ್ಯಾಟಿಕನ್‌ಗೆ ಮೊದಲ ಹೊತ್ತಿನ ಟಿಕೆಟ್ ತೆಗೆಯಿರಿ. ಭುಜ, ಮೊಣಕಾಲು ಮುಚ್ಚಿರಬೇಕು. ಇದು ಗಂಡಸರಿಗೂ ಅನ್ವಯ, ಚಡ್ಡಿ ಹಾಕಿಕೊಂಡು ಹೋದವರು ಹೊರಗೆ ನಿಲ್ಲುತ್ತಾರೆ. ಮ್ಯೂಸಿಯಂ ಒಳಗಿನ ಸಿಸ್ಟೈನ್ ಚಾಪೆಲ್‌ನಲ್ಲಿ ಫೋಟೊ ತೆಗೆಯುವಂತಿಲ್ಲ. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಬರೆದ ಚಾವಣಿಗೆ ಕತ್ತು ಎತ್ತಿ ನೋಡುವ ಮೊದಲು ಗೋಡೆ ಬದಿಯ ಬೆಂಚಿನಲ್ಲಿ ಜಾಗ ಹಿಡಿಯಿರಿ, ಇಲ್ಲದಿದ್ದರೆ ಐದೇ ನಿಮಿಷಕ್ಕೆ ಕತ್ತು ಸಾಕೆನ್ನುತ್ತದೆ. ಅಲ್ಲಿಂದ ನೇರ ಬೆಸಿಲಿಕಾಕ್ಕೆ ಹೋಗುವ ಬಾಗಿಲು ಸಾಮಾನ್ಯವಾಗಿ ಗೈಡ್ ಇರುವ ಗುಂಪುಗಳಿಗೆ. ಅದನ್ನು ನೆಚ್ಚದೆ, ಹೊರಗೆ ಸುತ್ತಿ ನಡೆದು ಮತ್ತೆ ಸರದಿ ನಿಲ್ಲುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಸಿಲಿಕಾಕ್ಕೆ ಪ್ರವೇಶ ಉಚಿತ. ಗುಮ್ಮಟಕ್ಕೆ 551 ಮೆಟ್ಟಿಲು, ಲಿಫ್ಟ್ ತೆಗೆದುಕೊಂಡರೂ 320 ಹತ್ತಲೇಬೇಕು.

ಶುಕ್ರವಾರ ಪ್ಯಾಂಥಿಯನ್. ಗುಮ್ಮಟದ ಅಗಲವೂ ನೆಲದಿಂದ ಎತ್ತರವೂ ಒಂದೇ, 43.3 ಮೀಟರ್. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೆರೆದ ಕಂಡಿ, ಗಾಜಿಲ್ಲ. ಮಳೆ ನೇರ ಒಳಗೆ ಬೀಳುತ್ತದೆ. ಆಗ ಕಾಲ ಕೆಳಗೆ ನೋಡಿ: ನಡುವಿನ ಅಮೃತಶಿಲೆಯಲ್ಲಿ ಬೊಟ್ಟಿನಗಲದ ತೂತುಗಳಿವೆ, ನೆಲ ಕಂಡೂ ಕಾಣದಷ್ಟು ಉಬ್ಬಿದೆ. ನೀರು ಅವುಗಳಲ್ಲಿ ಇಳಿದು ಹೋಗುತ್ತದೆ. ಸುಮಾರು 1,900 ವರ್ಷದಿಂದ ನಿಂತಿರುವ ಕಟ್ಟಡ. ಮಳೆ ಬಂತೆಂದು ಕೋಣೆಯಲ್ಲಿ ಉಳಿಯಬೇಡಿ, ಪ್ಯಾಂಥಿಯನ್‌ಗೆ ಹೋಗಲು ಅದೇ ಒಳ್ಳೆಯ ಹೊತ್ತು. ಟ್ರೆವಿ ಕಾರಂಜಿಗೆ ಮಾತ್ರ ಬೆಳಗಿನ ಏಳಕ್ಕೆ ಮೊದಲೇ ಹೋಗಿ. ಸ್ಪ್ಯಾನಿಷ್ ಸ್ಟೆಪ್ಸ್ ಮೇಲೆ ಕೂತರೆ ದಂಡ, 400 ಯೂರೊವರೆಗೆ ಹಾಕಬಹುದು.

ಜೇಬುಗಳ್ಳರು ಹೆಚ್ಚು ಸಿಗುವುದು ತೆರ್ಮಿನಿ, ಮೆಟ್ರೊ 'ಎ' ಮಾರ್ಗ ಮತ್ತು ವ್ಯಾಟಿಕನ್ ಕಡೆಗೆ ಹೋಗುವ 64ನೇ ಬಸ್ಸಿನಲ್ಲಿ. ಇಬ್ಬರಿರುವುದರ ಲಾಭ ಪಡೆಯಿರಿ. ಒಬ್ಬರು ಫೋನಿನಲ್ಲಿ ದಾರಿ ನೋಡುವಾಗ ಇನ್ನೊಬ್ಬರು ನೋಡಬಾರದು. ಎರಡೂ ಪಾಸ್‌ಪೋರ್ಟ್ ಒಂದೇ ಚೀಲದಲ್ಲಿ ಇಡುವುದು ದೊಡ್ಡ ತಪ್ಪು.

ರೈಲು

ರೋಮ್‌ನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಫ್ಲಾರೆನ್ಸಿನಿಂದ ವೆನಿಸ್‌ಗೆ ಎರಡೂ ಕಾಲು. ಟ್ರೆನ್‌ಇಟಾಲಿಯಾ, ಇಟಾಲೊ ಎಂಬ ಎರಡು ಕಂಪನಿಗಳು ಓಡಿಸುತ್ತವೆ. ಮುಂಚೆ ತೆಗೆದಷ್ಟೂ ಅಗ್ಗ, ಆದರೆ ತೀರಾ ಅಗ್ಗದ್ದನ್ನು ಬದಲಾಯಿಸಲಾಗದು. ಹಾಗಾಗಿ ವೀಸಾ ಬಂದ ಮೇಲೆಯೇ ಕೊಳ್ಳಿ.

ಸ್ಟೇಷನ್ನಿನ ಫಲಕದಲ್ಲಿ ನಿಮ್ಮ ಊರಿನ ಹೆಸರು ಹುಡುಕಬೇಡಿ. ಅಲ್ಲಿ ಕಾಣುವುದು ರೈಲಿನ ಕೊನೆಯ ನಿಲ್ದಾಣ. ಫ್ಲಾರೆನ್ಸಿಗೆ ಹೋಗುವ ರೈಲು 'ಮಿಲಾನೊ' ಎಂದು ತೋರಿಸುತ್ತಿರಬಹುದು. ರೈಲಿನ ಸಂಖ್ಯೆ ಹಿಡಿದು ಹುಡುಕಿ. 'ಪಾರ್ತೆಂತ್ಸೆ' ಎಂದರೆ ಹೊರಡುವವು, 'ಬಿನಾರಿಯೊ' ಎಂದರೆ ಪ್ಲಾಟ್‌ಫಾರಂ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ. ವೇಗದ ರೈಲಿಗೆ ಇದು ಬೇಡ. ವೆನಿಸ್‌ನಲ್ಲಿ ಇಳಿಯಬೇಕಾದದ್ದು ಸಾಂಟಾ ಲೂಚಿಯಾ. ಅದಕ್ಕೂ ಮೊದಲು ಬರುವ ಮೆಸ್ತ್ರೆ ನಿಲ್ದಾಣ, ಸೇತುವೆಗಿಂತ ಈಚೆಗಿನ ನೆಲದ ಊರು.

ಫ್ಲಾರೆನ್ಸ್: ಇಬ್ಬರೂ ಎಲ್ಲವನ್ನೂ ನೋಡಬೇಕಿಲ್ಲ

ಬ್ರುನೆಲೆಸ್ಕಿ ಕಟ್ಟಿದ ಕೆಥೆಡ್ರಲ್ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ದಾರಿ ಇಕ್ಕಟ್ಟು. 1420ರಿಂದ 1436ರವರೆಗೆ ಕಟ್ಟಿದ ಈ ಗುಮ್ಮಟಕ್ಕೆ ಎರಡು ಚಿಪ್ಪು. ಮೆಟ್ಟಿಲು ಹೋಗುವುದು ಅವೆರಡರ ನಡುವೆಯೇ. ಮೇಲೇರಿದಂತೆ ಗೋಡೆ ತಲೆಯ ಮೇಲೆ ವಾಲುತ್ತ ಬರುತ್ತದೆ, ಬಗ್ಗಿ ನಡೆಯಬೇಕಾಗುತ್ತದೆ. ಮೊಣಕಾಲು ನೋವು, ಇಕ್ಕಟ್ಟಿನ ಭಯ ಇದ್ದವರು ಹತ್ತಬೇಡಿ. ಒಮ್ಮೆ ಹೊಕ್ಕರೆ ನಡುವೆ ಹಿಂತಿರುಗುವುದು ಸುಲಭವಲ್ಲ. ಗುಮ್ಮಟವೂ ಸೇರಿದ ಪಾಸ್ 30 ಯೂರೊ. ಹತ್ತದವರು ಕಡಿಮೆ ಬೆಲೆಯ ಪಾಸ್ ತೆಗೆದು ಪಕ್ಕದ ಓಪೆರಾ ಮ್ಯೂಸಿಯಂನಲ್ಲಿ ಶಿಲ್ಪಿ ಗಿಬರ್ತಿಯ ಮೂಲ ಕಂಚಿನ ಬಾಗಿಲುಗಳ ಮುಂದೆ ಆರಾಮಾಗಿ ಕೂರಬಹುದು. ಎಲ್ಲಿ, ಎಷ್ಟು ಗಂಟೆಗೆ ಸೇರುವುದು ಎಂದು ಬೇರೆಯಾಗುವ ಮೊದಲೇ ಹೇಳಿಕೊಳ್ಳಿ. ಗುಮ್ಮಟದ ಹೊತ್ತು ತಪ್ಪಿದರೆ ಬದಲಿ ಕೊಡುವುದಿಲ್ಲ. ಶನಿವಾರ ಮಧ್ಯಾಹ್ನಕ್ಕೆ ಇದು ಸರಿಹೋಗುತ್ತದೆ.

ಭಾನುವಾರ ಬೆಳಿಗ್ಗೆ 8.15ಕ್ಕೆ ಅಕಾಡೆಮಿಯಾ. ಮೈಕೆಲಾಂಜೆಲೊ ಕೆತ್ತಿದ 5.17 ಮೀಟರ್ ಎತ್ತರದ ಡೇವಿಡ್ ಶಿಲ್ಪಕ್ಕೆ ಒಂದು ಗಂಟೆ ಸಾಕು. ಹನ್ನೊಂದರ ನಂತರ ಉಫೀಜಿ, ಮೂರು ಗಂಟೆ. ಚಿತ್ರಗಳಲ್ಲಿ ಆಸಕ್ತಿ ಇಲ್ಲದವರನ್ನು ಉಫೀಜಿಗೆ ಎಳೆದೊಯ್ಯಬೇಡಿ. 25 ಯೂರೊ ಕೊಟ್ಟು ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂರುತ್ತಾರೆ.

ಸಸ್ಯಾಹಾರಿಗಳ ತಟ್ಟೆ

'ಪೆಪೆರೋನಿ' ಎಂದು ಕಂಡು ಹೆದರಬೇಡಿ. ಇಟಲಿಯಲ್ಲಿ ಅದು ದೊಣ್ಣೆಮೆಣಸಿನಕಾಯಿ. 'ಮರಿನಾರಾ' ಪಿಜ್ಜಾದಲ್ಲಿ ಹೆಸರಿಗೆ ಸಮುದ್ರ, ಇರುವುದು ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ. ಮೀನೂ ಇಲ್ಲ, ಚೀಸೂ ಇಲ್ಲ. 'ನಾಪೊಲಿ'ಯಲ್ಲಿ ಮಾತ್ರ 'ಅಚ್ಯೂಗೆ' ಎಂಬ ಸಣ್ಣ ಮೀನು ಇರುತ್ತದೆ. ತರಕಾರಿ ಸೂಪಿನ ಕಟ್ಟು ಮಾಂಸದ್ದಾಗಿರಬಹುದು. 'ಸ್ತ್ರುತ್ತೊ' ಎಂದರೆ ಹಂದಿ ಕೊಬ್ಬು. ಪಾರ್ಮಿಜಾನೊ ಚೀಸ್ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ಕಿಣ್ವದಿಂದ. ಅಷ್ಟು ಕಟ್ಟುನಿಟ್ಟಾದವರು ಬೇಡವೆಂದು ಮೊದಲೇ ಹೇಳಬೇಕು. 'ಸೆಂತ್ಸ ಕಾರ್ನೆ, ಸೆಂತ್ಸ ಪೆಶ್ಶೆ' ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಎರಡು-ಮೂರು ಯೂರೊ ಕಂಡರೆ ಜಗಳ ಬೇಡ, ಅದು ಕೂತದ್ದಕ್ಕೆ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಅಗ್ಗ, ನಮ್ಮ ದರ್ಶಿನಿಯ ಹಾಗೆ.

ವೆನಿಸ್

ಇಲ್ಲಿ ಬಸ್ಸಿನ ಬದಲು 'ವಪೊರೆತ್ತೊ' ದೋಣಿ. 75 ನಿಮಿಷದ ಟಿಕೆಟ್ 9.50 ಯೂರೊ, 24 ಗಂಟೆಗೆ 25, 48 ಗಂಟೆಗೆ 35. 6ರಿಂದ 29 ವರ್ಷದವರಿಗೆ ಇನ್ನೊಂದು ದಾರಿಯಿದೆ: 6 ಯೂರೊದ ರೋಲಿಂಗ್ ವೆನಿಸ್ ಕಾರ್ಡ್ ತೆಗೆದರೆ 72 ಗಂಟೆಯ ಪಾಸ್ 27ಕ್ಕೆ. ತಮ್ಮನಿಗೆ ಸಿಕ್ಕಿ ಅಕ್ಕನಿಗೆ ಸಿಗದಿರಬಹುದು. ಪಾಸ್ ಇದ್ದರೂ ಪ್ರತಿ ಸಲ ಹತ್ತುವ ಮೊದಲು ಯಂತ್ರಕ್ಕೆ ತಾಗಿಸಬೇಕು. ಒಂದನೇ ನಂಬರಿನ ದೋಣಿ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ನಿಂತು ನಿಂತು ಹೋಗುತ್ತದೆ. ಸಂಜೆ ಅದರಲ್ಲಿ ಕೂತರೆ ಅದೇ ಊರು ನೋಡುವ ಕ್ರಮ.

ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ ದಿನಗಳಲ್ಲಿ ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕವಿದೆ: ಮುಂಚೆ ಕಟ್ಟಿದರೆ 5 ಯೂರೊ, ತಡವಾದರೆ 10. ರಾತ್ರಿ ತಂಗುವವರಿಗೆ ವಿನಾಯಿತಿ, ಆದರೆ ಅದನ್ನೂ ಆನ್‌ಲೈನ್‌ನಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು.

ಗೊಂಡೋಲಾದ ನಿಗದಿತ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ. ಇದು ದೋಣಿಗೆ, ತಲೆಗಲ್ಲ. ಐದು ಜನ ಕೂರಬಹುದು. ಇಬ್ಬರೇ ಹತ್ತಿದರೆ ಒಬ್ಬೊಬ್ಬರಿಗೆ 45 ಯೂರೊ ಕೈಬಿಡುತ್ತದೆ. ಸರದಿಯಲ್ಲಿರುವ ಇನ್ನೊಂದು ಕುಟುಂಬವನ್ನು ಜೊತೆಗೆ ಸೇರಿಸಿಕೊಳ್ಳಿ. ಇಲ್ಲವೇ 'ತ್ರಾಗೆತ್ತೊ' ಹಿಡಿಯಿರಿ. ಅದೇ ಬಗೆಯ ದೋಣಿ ಕಾಲುವೆಯ ಈ ದಡದಿಂದ ಆ ದಡಕ್ಕೆ 2 ಯೂರೊಗೆ ದಾಟಿಸುತ್ತದೆ. ಎರಡು ನಿಮಿಷದ ಸವಾರಿ.

ಹೋಟೆಲ್ ಆರಿಸುವಾಗ ದೋಣಿ ನಿಲ್ದಾಣದಿಂದ ಬಾಗಿಲವರೆಗೆ ಎಷ್ಟು ಸೇತುವೆ ಎಂದು ನಕಾಶೆಯಲ್ಲಿ ಎಣಿಸಿ. ಪ್ರತಿ ಸೇತುವೆಗೂ ಎರಡೂ ಕಡೆ ಮೆಟ್ಟಿಲು. ಚಕ್ರದ ಸೂಟ್‌ಕೇಸ್ ಅಲ್ಲಿ ತಲೆಹೊರೆಯೇ. ಹಿಂತಿರುಗುವ ದಿನ ಪಿಯಾಜಾಲೆ ರೋಮಾದಿಂದ ಮಾರ್ಕೊ ಪೋಲೊ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಗಿಂತ ಕಡಿಮೆ. ಆದರೆ ಪಿಯಾಜಾಲೆ ರೋಮಾ ತಲುಪಲು ಮತ್ತೆ ಅದೇ ಸೇತುವೆಗಳು. ಹೊರಡುವ ಹಿಂದಿನ ಸಂಜೆ ಖಾಲಿ ಕೈಯಲ್ಲಿ ಆ ದಾರಿ ಒಮ್ಮೆ ನಡೆದು ಗಡಿಯಾರ ನೋಡಿಕೊಳ್ಳಿ, ಸೂಟ್‌ಕೇಸಿನ ಜೊತೆ ಅದರ ಎರಡರಷ್ಟು ಹೊತ್ತು ಹಿಡಿಯಿರಿ.