ಹಳೇ ಮನೆಗೆ 11,500 ರೂಪಾಯಲ್ಲಿ ಬಾಗಿಲು: ನನ್ನ ಅನುಭವ

ಒಂದು ಮಳೆಗಾಲ ಪೂರ್ತಿ ಕಳೀಲಿ ಆಮೇಲೆ ಬರೆಯೋಣ ಅಂತ ಕಾಯ್ತಿದ್ದೆ. ಕಳೀತು, ಬಾಗಿಲು ಇನ್ನೂ ನೆಟ್ಟಗೆ ನಿಂತಿದೆ.

ಮೈಸೂರು ಅಗ್ರಹಾರದ ಕಡೆ ತಾತನ ಕಾಲದ ಮನೆ, ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದು), ಹದಿನಾಲ್ಕು ಇಂಚಿನ ಗಾರೆ ಗೋಡೆ, ರೆಡ್ ಆಕ್ಸೈಡ್ ನೆಲ. ನಡುಮನೆಗೂ ಹಿಂದಿನ ಕೋಣೆಗೂ ಮಧ್ಯೆ ಬಾಗಿಲೇ ಇರ್ಲಿಲ್ಲ, ಪರದೆ ಅಷ್ಟೇ. ಅತ್ತೆ ಬಂದು ನಮ್ಮ ಜೊತೆಗೇ ಇರೋಕೆ ಶುರು ಮಾಡಿದ ಮೇಲೆ ಬಾಗಿಲು ಬೇಕೇ ಬೇಕಾಯ್ತು. ಮುಂಬಾಗಿಲ ಥರಾನೇ ನಾಲ್ಕು ಪ್ಯಾನೆಲ್ಲಿನ ತೇಗದ್ದು, ಬಾಗಿಲವಾಡ ಸೇರಿ ಎಷ್ಟಾಗುತ್ತೆ ಅಂತ ಕೇಳಿದ್ದಕ್ಕೆ ಮರಗೆಲಸದ ಆಚಾರ್ರು 42,000 ಅಂದ್ರು. ಫ್ಲಶ್ ಡೋರ್, ಅಂದ್ರೆ ಪ್ಯಾನೆಲ್ ಇಲ್ಲದ ಸಪಾಟು ರೆಡಿಮೇಡ್ ಬಾಗಿಲು, ತಂದು ನಾನೇ ಮಾಡ್ಕೋತೀನಿ ಅಂದೆ. "ಸ್ವಾಮಿ, ಆ ಗೋಡೆಗೆ ರೆಡಿಮೇಡ್ ಕೂರಲ್ಲ, ಕೂತ್ರೂ ಆಫೀಸ್ ಟಾಯ್ಲೆಟ್ ಥರ ಕಾಣುತ್ತೆ" ಅಂದ್ರು. ಭಾವ ಪಕ್ಕದಲ್ಲೇ ನಿಂತು ನಗ್ತಿದ್ರು.

ಕೂರಲ್ಲ ಅಂದಿದ್ದು ಸುಳ್ಳಲ್ಲ. ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದ್ರೆ ಒಂದು ಪಕ್ಕ ಮುಕ್ಕಾಲು ಇಂಚು ಓರೆ, ಎತ್ತರ ಎಡಕ್ಕೆ 74, ಬಲಕ್ಕೆ ಅದಕ್ಕಿಂತ ಸ್ವಲ್ಪ ಜಾಸ್ತಿ. 78 ಇಂಚಿನ ಫ್ಲಶ್ ಡೋರ್ ಸುಮಾರು 3,100ಕ್ಕೆ ತಂದು ಕೆಳಗಡೆ ಐದಿಂಚು ಚಿಲ್ಲರೆ ಕುಯ್ದೆ. ಕೆಳಗಿನ ಗಟ್ಟಿ ಪಟ್ಟಿ ಪೂರ್ತಿ ಹೋಯ್ತು, ಒಳಗಿನ ಪೈನ್ ರೀಪುಗಳು ಹಲ್ಲು ಕಿರಿದುಕೊಂಡು ಕೂತ್ವು. ಉಳಿಯಲ್ಲಿ ಒಂದೂವರೆ ಇಂಚು ಒಳಕ್ಕೆ ಕೆತ್ತಿ ತೆಗೆದು, ಕುಯ್ದ ತುಂಡಿನ ಪಟ್ಟೀನೇ ಸಿಪ್ಪೆ ಸುಲಿದು ಅಂಟು ಹಾಕಿ ವಾಪಸ್ ತುರುಕಿದೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು.

ಬಾಗಿಲವಾಡಕ್ಕೆ ಗೋಡೆ ಒಡೆಯೋಕೆ ಮನಸ್ಸಿರ್ಲಿಲ್ಲ, ಗಾರೆ ಒಂದ್ ಕಡೆ ಉದುರೋಕೆ ಶುರುವಾದ್ರೆ ಎಲ್ಲಿ ನಿಲ್ಲುತ್ತೆ ಹೇಳಿ. ಕೆಡವಿದ ಮನೆ ಮರ ಮಾರೋ ಅಂಗಡೀಲಿ ಹೊನ್ನೆ ಹಲಗೆ ಸಿಕ್ತು, ಒಂದಿಂಚು ದಪ್ಪ, 2,400. ಅದನ್ನೇ ಮೂರು ಕಡೆ ಇಟ್ಟು, ಸಂದಿಗೆ ಜೋಡಿ ಬೆಣೆ ಹೊಡೆದು ನೆಟ್ಟಗೆ ನಿಲ್ಲಿಸಿದೆ. ಪ್ಲಾಸ್ಟಿಕ್ ಪ್ಲಗ್ ಹಾಕಿದ್ರೆ ಸ್ಕ್ರೂ ಜೊತೆ ಪ್ಲಗ್ಗೂ ಗಿರಗಿರ ತಿರುಗೋದು. ಕಡೆಗೆ ಗಾರೆ ಸಂದು ಬಿಟ್ಟು ಇಟ್ಟಿಗೆ ಮಧ್ಯಕ್ಕೇ ತೂತು ಕೊರೆದು, ಹಲಸಿನ ಗೂಟ ಜಡಿದು, ಅದಕ್ಕೆ ಸ್ಕ್ರೂ ಬಿಟ್ಟೆ. ಅಲ್ಲಾಡ್ಲಿಲ್ಲ. ಮೂಲೆ ಮೆತ್ತೋಕೆ ಗಾರೆಯವನಿಗೆ 700 ಕೊಟ್ಟೆ.

ಪ್ಯಾನೆಲ್ ಕಾಣೋ ಹಾಗೆ ಮೊದಲು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿ ಅಂಟಿಸಿದ್ದೆ. ಹಿತ್ತಲ ಜಗಲೀಲಿ ಒಂದು ವಾರ ಇಟ್ಟಿದ್ದೆ, ಎರಚಲು ಬಡಿದು ನೆನೆದ ರಸ್ಕ್ ಥರ ಉಬ್ಬಿಹೋಯ್ತು, 900 ನೀರಿಗೆ ಹಾಕಿದ ಹಾಗಾಯ್ತು. ಆಮೇಲೆ ಹಳೇ ತೇಗದ ಮಂಚದ ಹಲಗೆ 1,800ಕ್ಕೆ ತಂದು ಎಂಟು ಎಂಎಂ ಪಟ್ಟಿ ಸೀಳಿಸಿ, ಬುದ್ಧಿ ಇಲ್ದೆ ಒಂದೇ ಮುಖಕ್ಕೆ ಅಂಟಿಸಿ ಮಲಗಿಸಿಟ್ಟೆ. ಬೆಳಗ್ಗೆ ನೋಡಿದ್ರೆ ಬಾಗಿಲು ದೋಣಿ! ಗಾಬರಿ ಬಿದ್ದು ಇನ್ನೊಂದು ಮುಖಕ್ಕೂ ಅಷ್ಟೇ ಪಟ್ಟಿ ಅಂಟಿಸಿ, ಕ್ಲಾಂಪ್ ಹಾಕಿ, ಮೇಲೆ ಎರಡು ರುಬ್ಬುಗುಂಡು ಹೇರಿದೆ. ಮೂರು ದಿನಕ್ಕೆ ದಾರಿಗೆ ಬಂತು. ಪಟ್ಟಿ ಅಳತೆಗೆ ಮುಂಬಾಗಿಲನ್ನೇ ಟೇಪ್ ಹಿಡಿದು ನೋಡಿದೆ: ಮೇಲಿನದು ನಾಲ್ಕೂವರೆ ಇಂಚು, ಕೆಳಗಿನದು ಹತ್ತಿರ ಒಂಬತ್ತು. ಕಾಪಿ ಹೊಡೆಯೋರೆಲ್ಲ ಎರಡನ್ನೂ ಸಮ ಇಡ್ತಾರೆ, ಅದಕ್ಕೇ ಹೊಸದು ಅಂತ ತಕ್ಷಣ ಗೊತ್ತಾಗುತ್ತೆ.

ಬಣ್ಣದ್ದು ಬೇರೆ ಕಥೆ. ಫ್ಲಶ್ ಡೋರಿನ ವೆನೀರ್ (ಮೇಲೆ ಅಂಟಿಸಿರೋ ತೆಳು ಮರದ ಹಾಳೆ) ಬಿಳಿಚು, ತೇಗ ಕಂದು, ಎಷ್ಟು ಸ್ಟೇನ್ ಬಳಿದ್ರೂ ಒಂದಕ್ಕೊಂದು ಹೊಂದ್ಲಿಲ್ಲ. ಗ್ರಂದಿಗೆ ಅಂಗಡಿಯಿಂದ ಅಳಲೆಕಾಯಿ ತಂದು ಕುದಿಸಿ ಕಷಾಯ ಬಳಿದೆ, ಒಣಗಿದ ಮೇಲೆ ತುಕ್ಕು ಮೊಳೆ ನೆನೆಸಿದ ವಿನೆಗರ್ ಹಚ್ಚಿದೆ. ಐದು ನಿಮಿಷಕ್ಕೆ ಇದ್ದಲು ಕಪ್ಪು! ತುಂಡು ಮರದ ಮೇಲೆ ಮಾಡಿದ್ದಕ್ಕೆ ಬಚಾವ್. ಅಳಲೆಕಾಯಿ ಒಗರಿಗೆ ಕಬ್ಬಿಣ ಸೇರಿದ್ರೆ ಕಪ್ಪಾಗುತ್ತೆ, ಬಟ್ಟೆಗೆ ಬಣ್ಣ ಹಾಕೋರ ಹಳೇ ವಿದ್ಯೆ ಇದು. ವಿನೆಗರ್‌ಗೆ ನೀರು ಬೆರೆಸ್ತಾ ಬೆರೆಸ್ತಾ ಒಂದು ಹಂತದಲ್ಲಿ ಎರಡು ಮರಾನೂ ಒಂದೇ ಹಳೇ ಕಂದಿಗೆ ಬಂದ್ವು. ಎಷ್ಟು ನೀರು, ಎಷ್ಟು ದಿನದ ಮೊಳೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ. ಮೇಲೆ ಅರಗಿನ ಪಾಲಿಶ್ ಐದಾರು ಕೈ. ಇದೇ ರಸ ಒಂದು ಸ್ಟೂಲ್‌ಗೂ ಬಳಿದೆ, ಅದು ಚುಕ್ಕೆ ಚುಕ್ಕೆಯಾಗಿ ಹಾಳಾಯ್ತು, ಯಾಕೆ ಅಂತ ತಲೆ ಕೆಡಿಸ್ಕೊಳ್ಳೋಕೆ ಹೋಗ್ಲಿಲ್ಲ.

ಗುಜರೀಲಿ ತೂಕಕ್ಕೆ ತಂದ ಹಿತ್ತಾಳೆ ಹಿಂಜಸ್ಸು, ಚಿಲಕ 1,450, ಅಂಟು ಸ್ಕ್ರೂ ಪಾಲಿಶ್ 1,300 ಇರ್ಬೋದು. ಎಲ್ಲಾ ಸೇರಿ 11,500 ಚಿಲ್ಲರೆ, ನನ್ನ ಏಳು ಭಾನುವಾರ ಲೆಕ್ಕಕ್ಕಿಲ್ಲ.

ಆಚಾರ್ರು ಮೊನ್ನೆ ಬಂದು ಕೈ ಮಡಚಿ ಬಾಗಿಲು ತಟ್ಟಿ ನೋಡಿದ್ರು, ಬೆಲೆ ಕೇಳಿದ್ರು, ಬಣ್ಣ ಏನು ಅಂತಾನೂ ಕೇಳಿದ್ರು. ಕಾಫಿ ಕೊಟ್ಟು ಕಳಿಸ್ದೆ. ನೆಲ ಇಳಿಜಾರು ಇರೋದ್ರಿಂದ ಕೆಳಗೆ ಬಲಗಡೆ ಬೆರಳು ತೂರೋಷ್ಟು ಸಂದಿ ಉಳಿದಿದೆ, ಸದ್ಯಕ್ಕೆ ಅತ್ತೆ ಅಲ್ಲಿಗೆ ಹಳೇ ಸೀರೆ ಸುತ್ತಿ ಇಡ್ತಿದ್ದಾರೆ.