ಉಳಿದ ಚೀಟಿಗಳು

ಹುಬ್ಬಳ್ಳಿಯ ನಮ್ಮ ಸಣ್ಣ ಸಭೆಯಲ್ಲಿ ಒಂಬತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಶುರುವಿನಲ್ಲಿ 14 ಮಕ್ಕಳಿದ್ದರು. ಕೋವಿಡ್ ಮುಗಿದು ಬಾಗಿಲು ತೆರೆದಾಗ ಬಂದವರು ಮೂರೇ ಮಂದಿ. ಅದರಲ್ಲಿ ಒಬ್ಬಳು ನನ್ನ ಮಗಳು. ಅವಳನ್ನು ಲೆಕ್ಕಕ್ಕೆ ಹಿಡಿಯುವುದು ಮೋಸ ಅಲ್ವಾ?

ಆದರೂ ಪ್ರತಿ ಶನಿವಾರ ರಾತ್ರಿ 14 ಮಕ್ಕಳಿಗೆ ಆಗುವಷ್ಟು ತಯಾರಿ ಮಾಡುತ್ತಿದ್ದೆ. ಚಾರ್ಟು, ಬಣ್ಣದ ಪೇಪರ್, ಕಂಠಪಾಠ ವಾಕ್ಯದ ಚೀಟಿ. ಉಳಿದ ಚೀಟಿಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬರುವಾಗ ಅಳು ಬರುತ್ತಿತ್ತು. ಬಿಟ್ಟುಬಿಡುತ್ತೇನೆ ಅಂತ ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ಎರಡು ಸಲ ಹೇಳಿದೆ. ಎರಡೂ ಸಲ ಅವರದು ಒಂದೇ ಉತ್ತರ: "ವಿಲಿಯಂ ಕೇರಿ ಏಳು ವರ್ಷ ಕಾದ್ರು ನೋಡವ್ವಾ."

ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. ಇಂಗ್ಲೆಂಡಿನಿಂದ ಬಂದ ಆ ದೊಡ್ಡ ಮಿಷನರಿ ಕೇರಿ ಎಲ್ಲಿ, ನಾನೆಲ್ಲಿ? ಆ ಸಿಟ್ಟಿನಲ್ಲೇ ಅವರ ಕಥೆಯನ್ನು ಕೂತು ಓದಿದೆ.

ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಕೆಟ್ಟಿತು, ಮತ್ತೆ ಸರಿಹೋಗಲೇ ಇಲ್ಲ. ಅವರು ಏಳು ವರ್ಷ ಕಾದ ಮೊದಲ ದೀಕ್ಷಾಸ್ನಾನ, ಅಂದರೆ ಒಬ್ಬರು ಕ್ರೈಸ್ತರಾಗಿ ಸಭೆಗೆ ಸೇರುವುದು, ಆದದ್ದು 1800ರ ಡಿಸೆಂಬರ್‌ನಲ್ಲಿ, ಕೃಷ್ಣ ಪಾಲ್ ಎಂಬ ಬಡಗಿಗೆ. ಅವನು ಬಿದ್ದು ಭುಜದ ಕೀಲು ತಪ್ಪಿಸಿಕೊಂಡಿದ್ದ. ಕೇರಿಯ ಜೊತೆಗಾರ ಡಾಕ್ಟರ್ ಜಾನ್ ಥಾಮಸ್ ಹೋಗಿ ಕೂರಿಸಿದರು. ಮಾತು ಬೆಳೆದದ್ದು ಆ ಭುಜದಿಂದ. ಕೇರಿಗಿಂತ ಮೊದಲೇ ಬಂಗಾಳಕ್ಕೆ ಬಂದು ಕಾದವರು ಈ ಥಾಮಸ್. ಕಾದದ್ದು ಕೈಗೆ ಸಿಕ್ಕಾಗ ಸಂತೋಷ ತಡೆಯಲಾರದೆ ಅವರ ಬುದ್ಧಿಯೇ ಸ್ಥಿಮಿತ ತಪ್ಪಿತು. ನಮ್ಮ ಪ್ರಸಂಗಗಳಲ್ಲಿ ಏಳು ವರ್ಷ ಮಾತ್ರ ಬರುತ್ತದೆ, ಇದೆಲ್ಲ ಬರುವುದಿಲ್ಲ.

ಓದಿ ಮುಗಿಸಿ ಮೊದಲು ಮಾಡಿದ ಕೆಲಸ, ಎರಡು ತಿಂಗಳು ರಜೆ ತಗೊಂಡೆ. ಇನ್ನೊಬ್ಬ ಟೀಚರ್ ನೋಡಿಕೊಂಡರು. ಕೆಲವರು ಮೂಗು ಮುರಿದರು, ಮುರಿಯಲಿ. ಅಷ್ಟು ಸುಸ್ತಾಗಿದ್ದಾಗ ನಾನು ಹೇಳುತ್ತಿದ್ದ ಪಾಠ ಮಕ್ಕಳಿಗೂ ಸುಸ್ತೇ ಆಗಿತ್ತು.

ವಾಪಸ್ ಬಂದ ಮೇಲೆ ಚಾರ್ಟು ಬಿಟ್ಟೆ. ಶನಿವಾರದ ಆ ಎರಡು ಗಂಟೆಯನ್ನು ಗುರುವಾರ ಸಂಜೆಗೆ ಹಾಕಿದೆ. ವಾರಕ್ಕೆ ಎರಡೇ ಮನೆ, ಬರದೇ ಹೋದ ಮಕ್ಕಳ ಮನೆ. "ಯಾಕೆ ಕಳಿಸಲಿಲ್ಲ" ಅಂತ ಕೇಳಬಾರದು ಅನ್ನುವುದು ನನಗೆ ನಾನೇ ಹಾಕಿಕೊಂಡ ನಿಯಮ. ಮೊದಲ ಮನೆಯಲ್ಲೇ ಅದು ಮುರಿಯಿತು, ಕೇಳಿಬಿಟ್ಟೆ. ಆ ತಾಯಿ ಮುಖ ಸಣ್ಣದು ಮಾಡಿಕೊಂಡು "ಟ್ಯೂಷನ್ ಅದರೀ ಟೀಚರ್" ಅಂದರು. ಆಮೇಲೆ ಅಲ್ಲಿ ಮಾತೇ ಹುಟ್ಟಲಿಲ್ಲ.

ಎರಡನೇ ಮನೆಯಲ್ಲಿ ಹುಡುಗನ ಸ್ಕಾಲರ್‌ಶಿಪ್ ಅರ್ಜಿ ಅರ್ಧಕ್ಕೆ ನಿಂತಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು. ಮೂರು ಗುರುವಾರ ಅದರಲ್ಲೇ ಹೋಯಿತು. ಬೈಬಲ್ ಚೀಲದಿಂದ ಹೊರಗೆ ಬರಲೇ ಇಲ್ಲ. ಇದೂ ಸೇವೆಯಾ, ಸುಮ್ನೆ ತಿರುಗಾಟವಾ ಅಂತ ನನಗೇ ಅನುಮಾನ. ನಾಲ್ಕನೇ ವಾರ ಚಹಾ ಕೊಡುತ್ತಾ ಆ ಅಮ್ಮ ತಾವಾಗಿಯೇ ಹೇಳಿದರು, "ನನ್ ಸಲುವಾಗಿ ಒಂದು ಪ್ರಾರ್ಥನಿ ಮಾಡ್ರಿ." ಮಾಡಿದೆ. ಆಗ ಅವರು ಅತ್ತರು, ನಾನೂ ಅತ್ತೆ.

ಈಗ ಐದು ಮಕ್ಕಳು ಬರುತ್ತಾರೆ, ಮಗಳನ್ನು ಬಿಟ್ಟು. ಆ ಹುಡುಗ ಮಾತ್ರ ಇವತ್ತಿಗೂ ಬಂದಿಲ್ಲ, ಭಾನುವಾರ ಕ್ರಿಕೆಟ್ ಇರುತ್ತದೆ. ಮೊನ್ನೆ ಗುರುವಾರ ಅವರ ಮನೆಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಬ್ಯಾಟ್ ಹಿಡಿದುಕೊಂಡು ಬಂದ. "ಟೀಚರ್, ದಾನಿಯೇಲನ ಕಥಿ ಅವತ್ತ ಅರ್ಧಕ್ಕ ಬಿಟ್ಟೀರಿ. ಗವಿಯೊಳಗ ಹಾಕಿದ ಮ್ಯಾಲ ಏನಾತು?" ಕೋವಿಡ್‌ಗಿಂತ ಮೊದಲು ಹೇಳಿದ್ದ ಪಾಠ ಅದು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿಗಾಲು. ಹಾಗೇ ಬಾಗಿಲಲ್ಲಿ ನಿಂತು ಸಿಂಹಗಳ ತನಕ ಹೇಳಿದೆ.